ಡೇವ್ ಬ್ರೂಬೆಕ್: ಪಿಯಾನೊ, ರಚನೆ, ಲಯ – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಜಾಝ್ ಪಿಯಾನೊ ವಾದಕ ಮತ್ತು ರಚನಕಾರ ಡೇವ್ ಬ್ರೂಬೆಕ್ ಅವರ ಕುರಿತು ಗೆಳೆಯರ ಮಾತುಕತೆಯಲ್ಲಿ, ಓದುಗರ ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಜಾಝ್ ಅನ್ನು ಈವರೆಗೆ ಕೇಳದವರು ಮೊದಲ ಭಾಗದಿಂದ ಆರಂಭಿಸಬಹುದು. ತಾಳ, ಲಯಗಳಲ್ಲಿ ಆಸಕ್ತಿಯುಳ್ಳವರು ನೇರವಾಗಿ ಮೂರನೆಯ ಭಾಗಕ್ಕೆ ಹೋದರೂ ಅರ್ಥಕ್ಕೆ ಕೊರತೆಯಾಗದು.

ಭಾಗ 1: ಮೊದಲ ಪರಿಚಯ

ಬ್ರೂಬೆಕ್ ಯಾರು? ಒಂದೆರಡು ಮಾತಿನಲ್ಲಿ ಹೇಳಿ.

ಡೇವ್ ಬ್ರೂಬೆಕ್ 1920ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಕಾಂಕರ್ಡ್ ಊರಿನಲ್ಲಿ ಹುಟ್ಟಿ, 2012ರ ಡಿಸೆಂಬರ್ 5ರಂದು, ತೊಂಬತ್ತೆರಡು ತುಂಬಲು ಒಂದೇ ದಿನ ಉಳಿದಿದ್ದಾಗ, ಕನೆಕ್ಟಿಕಟ್‌ನಲ್ಲಿ ತೀರಿಕೊಂಡರು. 1951ರಿಂದ 1967ರವರೆಗೆ ಅವರು ನಡೆಸಿದ ನಾಲ್ವರ ತಂಡ ಜಾಝ್ ಇತಿಹಾಸದಲ್ಲೇ ಅತ್ಯಂತ ಜನಪ್ರಿಯ ತಂಡಗಳಲ್ಲಿ ಒಂದು. ನಾಲ್ಕು ಎಣಿಕೆಯ ನಡೆಗೆ ಒಗ್ಗಿಹೋಗಿದ್ದ ಜಾಝ್‌ಗೆ ಐದು, ಏಳು, ಒಂಬತ್ತರ ಲೆಕ್ಕವನ್ನು ತಂದು, ಅದನ್ನು ಸಾಮಾನ್ಯ ಕೇಳುಗರೂ ಗುನುಗುವಂತೆ ಮಾಡಿದವರು ಎಂಬುದು ಅವರ ದೊಡ್ಡ ಹೆಸರು. ಆದರೆ ಅವರು ಮೊದಲು ರಚನಕಾರರು, ಆಮೇಲೆ ವಾದಕರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಯಾನೊದ ಮುಂದೆ ಕುಳಿತಾಗಲೂ ಅವರು ಬೆರಳಿನ ಚಾತುರ್ಯಕ್ಕಿಂತ ಕಟ್ಟಡದ ವಿನ್ಯಾಸವನ್ನೇ ಯೋಚಿಸುತ್ತಿದ್ದರು.

‘ಟೇಕ್ ಫೈವ್’ ಬರೆದದ್ದು ಬ್ರೂಬೆಕ್ ತಾನೇ?

ಅಲ್ಲ. ಅದು ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಅವರ ರಚನೆ. ಡ್ರಮ್ಸ್ ವಾದಕ ಜೋ ಮೊರೆಲ್ಲೊ ಐದು ಎಣಿಕೆಯ ನಡೆಯೊಂದನ್ನು ಬಹಳ ಚೆನ್ನಾಗಿ ನುಡಿಸುತ್ತಿದ್ದರು. ಅದಕ್ಕೆ ಹೊಂದುವ ಧಾಟಿಯನ್ನು ಬರೆದು ತರುವಂತೆ ಬ್ರೂಬೆಕ್ ಡೆಸ್ಮಂಡರಿಗೆ ಹೇಳಿದರು. ಡೆಸ್ಮಂಡ್ ತಂದದ್ದು ಎರಡು ಬಿಡಿ ಧಾಟಿಗಳನ್ನು. ಅವೆರಡನ್ನೂ ಒಂದರ ಮುಂದೊಂದು ಜೋಡಿಸಿ, ಮೊದಲನೆಯದಕ್ಕೆ ಮರಳಿ ಬಂದರೆ ಒಂದು ಪೂರ್ಣ ಕೃತಿಯಾಗುತ್ತದೆ ಎಂದು ಕಂಡವರು ಬ್ರೂಬೆಕ್. ಉದ್ದಕ್ಕೂ ಬಿಡದೆ ಕೇಳಿಬರುವ ಪಿಯಾನೊದ ಆವರ್ತನವೂ ಅವರದೇ.

ಡೆಸ್ಮಂಡ್ 1977ರಲ್ಲಿ ತೀರಿಕೊಳ್ಳುವ ಮೊದಲು ಈ ರಚನೆಯಿಂದ ಬರುವ ಗೌರವಧನವನ್ನು ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಗೆ ಬರೆದಿಟ್ಟರು. ಇಂದಿಗೂ ಯಾವುದೋ ಹೋಟೆಲಿನಲ್ಲೋ ಜಾಹೀರಾತಿನಲ್ಲೋ ಆ ಧಾಟಿ ಕೇಳಿಬಂದರೆ ನನಗೆ ಮೊದಲು ನೆನಪಾಗುವುದು ಆ ಉಯಿಲು.

ಪಾಶ್ಚಾತ್ಯ ಸಂಗೀತದ ಗಂಧವೇ ಇಲ್ಲದವನು ನಾನು. ಯಾವುದರಿಂದ ಶುರು ಮಾಡಲಿ?

‘ಟೈಮ್ ಔಟ್’ ಧ್ವನಿಮುದ್ರಿಕೆಯಿಂದಲೇ ಆರಂಭಿಸಿ, ಆದರೆ ‘ಟೇಕ್ ಫೈವ್’ ಅನ್ನು ಸದ್ಯಕ್ಕೆ ಬದಿಗಿಟ್ಟು ‘ಸ್ಟ್ರೇಂಜ್ ಮೆಡೊ ಲಾರ್ಕ್’ ಕೇಳಿ. ಅದರ ಆರಂಭದಲ್ಲಿ ಬ್ರೂಬೆಕ್ ಒಬ್ಬರೇ, ತಾಳದ ಕಟ್ಟಿಲ್ಲದೆ, ನಮ್ಮ ಆಲಾಪನೆಯ ನಿಧಾನದಲ್ಲಿ ನುಡಿಸುತ್ತಾರೆ. ಆಮೇಲೆ ಲಯ ಸೇರಿಕೊಂಡು ಡೆಸ್ಮಂಡರ ಸ್ಯಾಕ್ಸೊಫೋನ್ ಪ್ರವೇಶಿಸುತ್ತದೆ. ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದ ನಮಗೆ ಆಲ್ಟೊ ಸ್ಯಾಕ್ಸೊಫೋನಿನ ನಾದ ಪರಿಚಿತವೇ, ಆದರೆ ಡೆಸ್ಮಂಡರು ಅದೇ ವಾದ್ಯದಿಂದ ಹೊರಡಿಸುವ ನಾದ ಅಚ್ಚರಿ ಹುಟ್ಟಿಸುವಷ್ಟು ಮೆದು. ಇದಾದ ಮೇಲೆ ‘ಇನ್ ಯುವರ್ ಓನ್ ಸ್ವೀಟ್ ವೇ’ ಕೇಳಬಹುದು. ತುತ್ತೂರಿ ವಾದಕ ಮೈಲ್ಸ್ ಡೇವಿಸ್ 1956ರಲ್ಲಿ ಅದನ್ನು ಧ್ವನಿಮುದ್ರಿಸಿಕೊಂಡ ಮೇಲೆ ಅದು ಜಾಝ್ ವಾದಕರೆಲ್ಲರ ಸೊತ್ತಾಯಿತು.

ಭಾಗ 2: ಬಾಳು ಮತ್ತು ವೃತ್ತಿ

ಅಪ್ಪ ದನ ಸಾಕುವವರಂತೆ, ಮಗ ಪಿಯಾನೊ ಹಿಡಿದದ್ದು ಹೇಗೆ?

ತಂದೆ ಪೀಟ್ ಬ್ರೂಬೆಕ್ ಸಾವಿರಾರು ಎಕರೆ ಹುಲ್ಲುಗಾವಲಿನ ದನಗಳ ಮೇಲ್ವಿಚಾರಣೆ ಮಾಡುತ್ತಿದ್ದ ಕುದುರೆ ಸವಾರ. ತಾಯಿ ಎಲಿಜಬೆತ್ ಪಿಯಾನೊ ಶಿಕ್ಷಕಿ. ಇಂಗ್ಲೆಂಡಿಗೆ ಹೋಗಿ ಪ್ರಸಿದ್ಧ ವಾದಕಿ ಮೈರಾ ಹೆಸ್ ಅವರ ಬಳಿ ಕಲಿತು ಬಂದವರು. ಸಂಗೀತ ಬೇಕಿದ್ದರೆ ನುಡಿಸಬೇಕು ಎಂಬುದು ತಾಯಿಯ ನಿಲುವಾಗಿದ್ದರಿಂದ ಮನೆಯಲ್ಲಿ ರೇಡಿಯೊ ಹಾಕುತ್ತಿರಲಿಲ್ಲ. ಅಣ್ಣಂದಿರಿಬ್ಬರೂ ಸಂಗೀತವನ್ನೇ ಹಿಡಿದರು. ಕಿರಿಯ ಮಗ ಡೇವ್ ಮಾತ್ರ ತಂದೆಯ ಹಿಂದೆ ಹೋಗುವ ಆಸೆಯಿಂದ 1938ರಲ್ಲಿ ಸ್ಟಾಕ್ಟನ್ನಿನ ಕಾಲೇಜ್ ಆಫ್ ದ ಪೆಸಿಫಿಕ್‌ಗೆ ಪಶುವೈದ್ಯಕೀಯ ಕಲಿಯಲು ಸೇರಿದರು. ನಿನ್ನ ಮನಸ್ಸು ಈ ಪ್ರಯೋಗಾಲಯದಲ್ಲಿಲ್ಲ, ಎದುರಿನ ಸಂಗೀತ ಶಾಲೆಯಲ್ಲಿದೆ, ಅಲ್ಲಿಗೇ ಹೋಗು ಎಂದು ಪ್ರಾಣಿಶಾಸ್ತ್ರದ ಅಧ್ಯಾಪಕರೇ ಅವರನ್ನು ಕಳುಹಿಸಿದರು.

ಆದರೆ ಹುಲ್ಲುಗಾವಲು ಅವರನ್ನು ಬಿಡಲಿಲ್ಲ. ಒಂಟಿಯಾಗಿ ಕುದುರೆಯ ಮೇಲೆ ಮೈಲುಗಟ್ಟಲೆ ಸಾಗುವಾಗ ಗೊರಸಿನ ಸದ್ದಿನ ಮೇಲೆ ಬೇರೊಂದು ಲಯವನ್ನು, ನೀರೆತ್ತುವ ಎಂಜಿನ್ನಿನ ಏರುಪೇರು ಬಡಿತದ ಮೇಲೆ ಮತ್ತೊಂದನ್ನು ಮನಸ್ಸಿನಲ್ಲೇ ಹೂಡುತ್ತಿದ್ದುದಾಗಿ ಅವರು ಕೊನೆಯವರೆಗೂ ಹೇಳುತ್ತಿದ್ದರು. ಒಂದರ ಮೇಲೊಂದು ಲಯ ಓಡಿಸುವ ಅಭ್ಯಾಸ ಅವರಿಗೆ ಬಂದದ್ದು ಅಲ್ಲಿಂದ.

ಅವರಿಗೆ ನೊಟೇಶನ್ ಓದೋಕೇ ಬರ್ತಿರಲಿಲ್ಲ ಅಂತಾರೆ. ಕಟ್ಟುಕತೆಯೋ ನಿಜವೋ?

ನಿಜ. ಬಾಲ್ಯದಲ್ಲಿ ಕಣ್ಣಿನ ತೊಂದರೆಯಿದ್ದ ಅವರು ತಾಯಿಯ ಪಾಠಗಳನ್ನು ಕಿವಿಯಿಂದಲೇ ಕಲಿತು, ಓದಿ ನುಡಿಸುವಂತೆ ತೋರಿಸಿಕೊಳ್ಳುತ್ತಿದ್ದರು. ಕಾಲೇಜಿನ ಕೊನೆಯ ಹಂತದಲ್ಲಿ ಇದು ಬಯಲಾದಾಗ ಅವರನ್ನು ಹೊರಹಾಕುವ ಮಾತು ಬಂತು. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಮೇಳದಲ್ಲೂ ಹಲವು ಧಾಟಿಗಳನ್ನು ಏಕಕಾಲದಲ್ಲಿ ಹೆಣೆಯುವ ವಿದ್ಯೆಯಲ್ಲೂ ಈ ಹುಡುಗನಿಗೆ ಸಮನಾದವರಿಲ್ಲ ಎಂದು ಕೆಲವು ಅಧ್ಯಾಪಕರು ವಾದಿಸಿದ ಮೇಲೆ, ಮುಂದೆಂದೂ ಪಿಯಾನೊ ಪಾಠ ಹೇಳಬಾರದು ಎಂಬ ಕರಾರಿನ ಮೇಲೆ 1942ರಲ್ಲಿ ಪದವಿ ಕೊಟ್ಟರು. ಗುರುಮುಖದಿಂದ ಕಿವಿಗೆ, ಕಿವಿಯಿಂದ ಕೈಗೆ ವಿದ್ಯೆ ಹರಿಯುವ ನಮ್ಮಲ್ಲಿ ಇದೊಂದು ಕೊರತೆಯೆಂದೇ ಅನಿಸದು. ಪಾಶ್ಚಾತ್ಯ ಸಂಗೀತ ಶಾಲೆಯಲ್ಲಿ ಮಾತ್ರ ಇದು ಅಕ್ಷರ ಬಾರದವನಿಗೆ ಸಾಹಿತ್ಯದ ಪದವಿ ಕೊಟ್ಟಂತೆ. ಮುಂದೆ ಇದೇ ವ್ಯಕ್ತಿ ಗಾಯಕವೃಂದಕ್ಕೂ ದೊಡ್ಡ ವಾದ್ಯವೃಂದಕ್ಕೂ ಗಂಟೆಗಟ್ಟಲೆಯ ಕೃತಿಗಳನ್ನು ರಚಿಸಿದರು, ಅದೇ ಕಾಲೇಜು ವಿಶ್ವವಿದ್ಯಾಲಯವಾಗಿ ಬೆಳೆದ ಮೇಲೆ 2000ದಲ್ಲಿ ಅವರ ಹೆಸರಿನಲ್ಲಿ ಸಂಸ್ಥೆಯೊಂದನ್ನೇ ಕಟ್ಟಿತು.

ಯುದ್ಧಕ್ಕೆ ಹೋಗಿದ್ದರಂತಲ್ಲ, ಅಲ್ಲಿ ಸಂಗೀತಕ್ಕೆ ಏನು ಕೆಲಸ?

1942ರಲ್ಲಿ ಸೇನೆ ಸೇರಿದ ಬ್ರೂಬೆಕ್ 1944ರಲ್ಲಿ ಜನರಲ್ ಪ್ಯಾಟನ್ ಅವರ ಸೇನೆಯ ಕಾಲಾಳಾಗಿ ಯುರೋಪಿನಲ್ಲಿದ್ದರು. ಮುಂಚೂಣಿಗೆ ಹೊರಡುವ ಮುನ್ನ ರೆಡ್ ಕ್ರಾಸ್‌ನ ಮನರಂಜನೆ ಕಾರ್ಯಕ್ರಮವೊಂದರಲ್ಲಿ ಪಿಯಾನೊ ನುಡಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅವರು ಕೈಯೆತ್ತಿದರು. ಅದನ್ನು ಕೇಳಿದ ಮೇಲಧಿಕಾರಿ ಅವರನ್ನು ಹಿಂದೆಯೇ ಉಳಿಸಿಕೊಂಡು ತಂಡ ಕಟ್ಟುವಂತೆ ಆಜ್ಞೆಯಿತ್ತರು. ಹೀಗೆ ಹುಟ್ಟಿದ ‘ವುಲ್ಫ್ ಪ್ಯಾಕ್’ ತಂಡದಲ್ಲಿ ಕಪ್ಪು ಮತ್ತು ಬಿಳಿ ಸೈನಿಕರು ಒಟ್ಟಿಗೆ ನುಡಿಸುತ್ತಿದ್ದರು. ವರ್ಣಭೇದವನ್ನೇ ಪದ್ಧತಿಯಾಗಿಸಿಕೊಂಡಿದ್ದ ಅಂದಿನ ಅಮೆರಿಕದ ಸೇನೆಯಲ್ಲಿ ಅದು ಬಹಳ ಅಪರೂಪ. ಡೆಸ್ಮಂಡರನ್ನು ಅವರು ಮೊದಲು ಕಂಡದ್ದೂ ಸೇನೆಯಲ್ಲಿದ್ದಾಗಲೇ.

ಮಿಯೋ ಅನ್ನೋ ಗುರುವಿನ ಹೆಸರು ಎಲ್ಲ ಕಡೆ ಬರುತ್ತೆ. ಅವರು ಕಲಿಸಿದ್ದೇನು?

ದಾರಿಯುಸ್ ಮಿಯೋ ಫ್ರಾನ್ಸಿನ ಹೆಸರಾಂತ ರಚನಕಾರರು; ನಾತ್ಸಿಗಳ ದಾಳಿಯಿಂದ ಪಾರಾಗಿ ಬಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಯುದ್ಧ ಮುಗಿಸಿ ಬಂದ ಬ್ರೂಬೆಕ್ ಅವರ ಶಿಷ್ಯರಾದರು. ಶಾಸ್ತ್ರೀಯ ರಚನೆಯನ್ನು ಕಲಿಸುತ್ತಲೇ ನಿನ್ನ ನೆಲದ ಜಾಝ್ ಅನ್ನು ಬಿಡಬೇಡ ಎಂದು ಹೇಳಿದವರು ಅವರು. ಎರಡು ಬೇರೆ ಬೇರೆ ಆಧಾರ ಸ್ವರಗಳ ಮೇಲೆ ನಿಂತ ಸಂಗೀತವನ್ನು ಏಕಕಾಲಕ್ಕೆ ನುಡಿಸುವುದು ಮಿಯೋ ಅವರ ಕೃತಿಗಳ ಮುಖ್ಯ ಲಕ್ಷಣ. ಬ್ರೂಬೆಕರ ಎಡಗೈ ಒಂದು ನೆಲೆಯಲ್ಲಿದ್ದಾಗ ಬಲಗೈ ಇನ್ನೊಂದರಲ್ಲಿ ಸಂಚರಿಸುವುದನ್ನು ಅವರ ಹಲವು ಧ್ವನಿಮುದ್ರಿಕೆಗಳಲ್ಲಿ ಕೇಳಬಹುದು. ಒಂದೇ ಷಡ್ಜವನ್ನು ಪ್ರಾಣವಾಗಿ ನಂಬಿದ ನಮ್ಮ ಕಿವಿಗೆ ಇದು ಮೊದಮೊದಲು ಒರಟಾಗಿ ಕೇಳುತ್ತದೆ, ಅದಕ್ಕೆ ಸ್ವಲ್ಪ ಕಾಲ ಕೊಡಬೇಕು. ಬ್ರೂಬೆಕ್ ತಮ್ಮ ಹಿರಿಯ ಮಗನಿಗೆ ಗುರುವಿನ ಹೆಸರನ್ನೇ ಇಟ್ಟರು.

ಹೆಂಡತಿಯಿಂದಲೇ ಅವರು ಬೆಳೆದದ್ದು ಅಂತ ಕೇಳಿದೆ. ಹೌದಾ?

ಅಯೋಲಾ ಅವರಿಲ್ಲದೆ ಈ ವೃತ್ತಿಯನ್ನು ಊಹಿಸುವುದೇ ಕಷ್ಟ. 1942ರ ಸೆಪ್ಟೆಂಬರ್‌ನಲ್ಲಿ ನಡೆದ ಅವರ ಮದುವೆ ಎಪ್ಪತ್ತು ವರ್ಷ ಬಾಳಿತು. 1951ರಲ್ಲಿ ಹವಾಯಿಯ ಕಡಲಿಗೆ ಹಾರಿದ ಬ್ರೂಬೆಕ್ ಮರಳದಿಬ್ಬಕ್ಕೆ ತಲೆ ತಾಗಿ ಕತ್ತಿನ ಮೂಳೆಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಮಲಗಿದ್ದರು. ಎದ್ದ ಮೇಲೆ ಡೆಸ್ಮಂಡರೊಡನೆ ನಾಲ್ವರ ತಂಡ ಕಟ್ಟಿದರು. ತಂಡವೇನೋ ಸಿದ್ಧವಾಯಿತು, ಆದರೆ ಮದ್ಯದಂಗಡಿಗಳ ಗದ್ದಲದಲ್ಲಿ ರಾತ್ರಿಯಿಡೀ ನುಡಿಸಿದರೂ ಸಂಸಾರ ನಡೆಯುವಷ್ಟು ಹಣ ಬರುತ್ತಿರಲಿಲ್ಲ. ಆಗ ಅಯೋಲಾ ಪಶ್ಚಿಮ ಕರಾವಳಿಯ ಕಾಲೇಜುಗಳಿಗೆ ಸಾಲುಸಾಲಾಗಿ ಪತ್ರ ಬರೆದು, ವಿದ್ಯಾರ್ಥಿಗಳ ಮುಂದೆ ಕಚೇರಿ ಏರ್ಪಡಿಸುವಂತೆ ಕೇಳಿದರು. ಕುಡಿತದ ಜಾಗದಿಂದ ಸಭಾಂಗಣಕ್ಕೆ, ಹರಟೆಯ ನಡುವಿನಿಂದ ಕಿವಿಗೊಟ್ಟು ಕೇಳುವ ಯುವಕರ ಮುಂದಕ್ಕೆ ಜಾಝ್ ಬಂದುದರಲ್ಲಿ ಆ ಪತ್ರಗಳ ಪಾಲು ದೊಡ್ಡದು. 1953ರಲ್ಲಿ ಓಬರ್ಲಿನ್ ಕಾಲೇಜಿನಲ್ಲಿ ನಡೆದ ಕಚೇರಿಯ ಧ್ವನಿಮುದ್ರಿಕೆಯಲ್ಲಿ ಆ ಹುಡುಗರ ಸಂಭ್ರಮ ಇಂದಿಗೂ ಕೇಳಿಸುತ್ತದೆ. ಅಯೋಲಾ ಅನೇಕ ರಚನೆಗಳಿಗೆ ಸಾಹಿತ್ಯವನ್ನೂ ಬರೆದರು. ಹೆಸರಾಂತ ಜಾಝ್ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರನ್ನು ಮುಖ್ಯಪಾತ್ರದಲ್ಲಿಟ್ಟು ದಂಪತಿಗಳು ರಚಿಸಿದ ಸಂಗೀತ ನಾಟಕ ‘ದ ರಿಯಲ್ ಅಂಬಾಸಡರ್ಸ್’ 1962ರಲ್ಲಿ ಮಾಂಟೆರೇ ಜಾಝ್ ಉತ್ಸವದಲ್ಲಿ ಪ್ರದರ್ಶನಗೊಂಡಿತು.

‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದಾಗ ಅವರಿಗೇ ಬೇಜಾರಾಯಿತಂತೆ, ಏಕೆ?

1954ರ ನವೆಂಬರ್ 8ರ ಸಂಚಿಕೆಯ ಮುಖಪುಟದಲ್ಲಿ ಬ್ರೂಬೆಕರ ಚಿತ್ರ ಬಂತು. ಆರ್ಮ್‌ಸ್ಟ್ರಾಂಗ್ ಅವರ ನಂತರ ಆ ಗೌರವ ಪಡೆದ ಎರಡನೆಯ ಜಾಝ್ ಸಂಗೀತಗಾರ ಅವರು. ಆ ದಿನಗಳಲ್ಲಿ ಅವರು ಕಪ್ಪು ಜನಾಂಗದ ಹಿರಿಯ ಜಾಝ್ ರಚನಕಾರ ಡ್ಯೂಕ್ ಎಲಿಂಗ್ಟನ್ ಅವರೊಡನೆ ಪ್ರವಾಸದಲ್ಲಿದ್ದರು. ಡೆನ್ವರ್ ನಗರದ ಹೋಟೆಲಿನಲ್ಲಿ ಬೆಳ್ಳಂಬೆಳಗ್ಗೆ ಬಾಗಿಲು ತಟ್ಟಿ ಪತ್ರಿಕೆಯನ್ನು ಕೈಗಿತ್ತವರು ಎಲಿಂಗ್ಟನ್ನರೇ. ತನಗಿಂತ ಮೊದಲು ಆ ಜಾಗ ಅವರಿಗೆ ಸಲ್ಲಬೇಕಿತ್ತು, ತಾನು ಬಿಳಿಯನಾದ್ದರಿಂದ ತನಗೆ ಸಿಕ್ಕಿತು ಎಂಬ ಕೊರಗು ಬ್ರೂಬೆಕರನ್ನು ಬಹಳ ಕಾಲ ಕಾಡಿತು. ಎಲಿಂಗ್ಟನ್ನರಿಗೆ ಗೌರವವಾಗಿ ಅವರು ರಚಿಸಿದ ‘ದ ಡ್ಯೂಕ್’ ಕೇಳಲು ಸರಳ, ಆದರೆ ಅದರ ಮೊದಲ ಕೆಲವು ಆವರ್ತನಗಳಲ್ಲೇ ತಗ್ಗು ಸ್ವರದ ಬಾಸ್ ಹನ್ನೆರಡೂ ಸ್ವರಸ್ಥಾನಗಳನ್ನು ಮುಟ್ಟಿ ಬರುತ್ತದೆ.

ವರ್ಣಭೇದದ ವಿರುದ್ಧ ನಿಂತರು ಎನ್ನುತ್ತಾರೆ. ನಿಜವಾಗಿ ಏನು ಮಾಡಿದರು?

1958ರಲ್ಲಿ ತಂಡ ಸೇರಿದ ಬಾಸ್ ವಾದಕ ಯೂಜೀನ್ ರೈಟ್ ಕಪ್ಪು ಜನಾಂಗದವರು. ಅದೇ ವರ್ಷ ಉತ್ತರ ಕೆರೊಲಿನಾದ ಕಾಲೇಜೊಂದರಲ್ಲಿ ಕಪ್ಪು ವಾದಕ ವೇದಿಕೆ ಏರುವಂತಿಲ್ಲ ಎಂದಾಗ, ರೈಟ್ ಇಲ್ಲದೆ ತಾವೂ ಏರುವುದಿಲ್ಲ ಎಂದು ಬ್ರೂಬೆಕ್ ಹಟ ಹಿಡಿದರು. ಒಳಗೆ ವಿದ್ಯಾರ್ಥಿಗಳು ಕಾಲು ಬಡಿದು ಕೂಗುತ್ತಿದ್ದರು, ಹೊರಗೆ ಮೇಲಿನವರಿಗೆ ದೂರವಾಣಿ ಕರೆಗಳು ಹೋಗುತ್ತಿದ್ದವು. ಕೊನೆಗೆ ರೈಟ್ ಹಿಂಬದಿಯಲ್ಲಿ ಕಾಣದಂತೆ ನಿಲ್ಲಲಿ ಎಂಬ ಮಾತಿನ ಮೇಲೆ ಒಪ್ಪಿಗೆ ಸಿಕ್ಕಿತು. ಬ್ರೂಬೆಕ್ ಕಚೇರಿಯ ನಡುವೆ ರೈಟರನ್ನು ಮುಂದಕ್ಕೆ ಕರೆದು ಅವರಿಂದ ಒಂಟಿ ವಾದನ ಮಾಡಿಸಿದರು. 1960ರಲ್ಲಿ ದಕ್ಷಿಣದ ಕಾಲೇಜುಗಳ ದೊಡ್ಡ ಪ್ರವಾಸದಲ್ಲಿ ಬಿಳಿಯ ಬಾಸ್ ವಾದಕನನ್ನು ತರಬೇಕೆಂಬ ಷರತ್ತನ್ನು ಒಪ್ಪದ್ದರಿಂದ ಬಹುಪಾಲು ಕಚೇರಿಗಳು ರದ್ದಾದವು, ಹಣವೂ ಹೋಯಿತು.

ಇದರ ಹಿಂದೆ ಬಾಲ್ಯದ ಒಂದು ಘಟನೆಯಿದೆ. ತಂದೆ ತಮ್ಮ ಸ್ನೇಹಿತನಾದ ವೃದ್ಧ ಕಪ್ಪು ದನಗಾಹಿಯ ಬಳಿಗೆ ಹುಡುಗನನ್ನು ಕರೆದೊಯ್ದು, ಅಂಗಿ ಬಿಚ್ಚಿ ತೋರಿಸುವಂತೆ ಆತನನ್ನು ಕೇಳಿದರು. ಎದೆಯ ಮೇಲೆ ದನಕ್ಕೆ ಹಾಕುವಂಥದೇ ಬರೆಯ ಗುರುತಿತ್ತು. ಇಂಥದು ನಡೆಯಕೂಡದು ಎಂದು ತಂದೆ ಹೇಳಿದರು. ಎಂಬತ್ತರ ಸಮೀಪದಲ್ಲಿ ಕ್ಯಾಮೆರಾದ ಮುಂದೆ ಇದನ್ನು ನೆನೆಯುವಾಗ ಬ್ರೂಬೆಕ್ ಅತ್ತುಬಿಟ್ಟರು.

ಭಾರತಕ್ಕೆ ಬಂದಿದ್ದರೇ?

ಬಂದಿದ್ದರು. 1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಶೀತಲ ಸಮರದ ಸಾಂಸ್ಕೃತಿಕ ರಾಯಭಾರದ ಅಂಗವಾಗಿ ತಂಡವನ್ನು ಪೋಲೆಂಡ್, ಟರ್ಕಿ, ಅಫಘಾನಿಸ್ತಾನ, ಪಾಕಿಸ್ತಾನ, ಭಾರತ, ಸಿಲೋನ್, ಇರಾನ್, ಇರಾಕ್‌ಗಳಿಗೆ ಕಳುಹಿಸಿತು. ಬೊಂಬಾಯಿಯಲ್ಲಿ ಬ್ರೂಬೆಕ್ ಸಿತಾರ್ ವಾದಕ ಅಬ್ದುಲ್ ಹಲೀಮ್ ಜಾಫರ್ ಖಾನ್ ಅವರೊಡನೆ ನುಡಿಸಿದರು. ಊರಿಗೆ ಮರಳಿದ ಮೇಲೆ ಹೊರತಂದ ‘ಜಾಝ್ ಇಂಪ್ರೆಶನ್ಸ್ ಆಫ್ ಯುರೇಷಿಯಾ’ದಲ್ಲಿ ‘ಕಲ್ಕಟ್ಟಾ ಬ್ಲೂಸ್’ ಎಂಬ ರಚನೆಯಿದೆ. ಅದನ್ನು ರಾಗವೆಂದು ತಿಳಿದು ಕೇಳಿದರೆ ನಿರಾಸೆಯಾದೀತು. ಒಬ್ಬ ಪರದೇಶಿ ಕೆಲವೇ ದಿನಗಳಲ್ಲಿ ಕೇಳಿದ್ದನ್ನು ತನ್ನ ಭಾಷೆಯಲ್ಲಿ ನೆನೆಯುತ್ತಿದ್ದಾನೆ ಎಂದು ಕೇಳಿದರೆ ಅದರ ಪ್ರಾಮಾಣಿಕತೆ ಮನಸ್ಸಿಗೆ ತಟ್ಟುತ್ತದೆ. ಅದೇ ಧ್ವನಿಮುದ್ರಿಕೆಯ ಪೋಲಿಷ್ ಹೆಸರಿನ ‘ಜೆಂಕುಯೆ’, ಅಂದರೆ ‘ಧನ್ಯವಾದ’, ರಚನಕಾರ ಶೋಪ್ಯಾನನಿಗೆ ಸಲ್ಲಿಸಿದ ನಮನ. ಇಡೀ ಪ್ರವಾಸದ ಫಲಗಳಲ್ಲಿ ಅತ್ಯಂತ ಸುಂದರವಾದದ್ದು ಅದೇ ಎಂದು ನನಗೆ ತೋರುತ್ತದೆ.

ಭಾಗ 3: ಲಯ, ರಚನೆ, ಆಮೇಲಿನ ದಾರಿ

ಐದು, ಏಳು, ಒಂಬತ್ತು ಅಂದರೆ ನಮ್ಮ ಚಾಪು ತಾಳಗಳೇ ಅಲ್ಲವೇ? ಇದರಲ್ಲಿ ಹೊಸದೇನು?

ಲೆಕ್ಕ ನಮಗೆ ಹೊಸದಲ್ಲ, ನಿಜ. ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣಗಳನ್ನೂ ಭಾಮಿನಿಯ ಮೂರು–ನಾಲ್ಕರ ನಡೆಯನ್ನೂ ಗಮಕಿಗಳಿಂದ ಕೇಳಿದ ಕನ್ನಡಿಗನಿಗೆ ಐದಾಗಲಿ ಏಳಾಗಲಿ ವಿಚಿತ್ರವಾಗಿ ಕಾಣುವುದಿಲ್ಲ. ಆದರೆ ಹಂಚಿಕೆ ಬೇರೆ. ಖಂಡಚಾಪು ‘ತಕ ತಕಿಟ’ ಎಂದು ಎರಡು–ಮೂರಾಗಿ ಸಾಗಿದರೆ, ‘ಟೇಕ್ ಫೈವ್’ ಅದನ್ನು ತಿರುಗಿಸಿ ‘ತಕಿಟ ತಕ’ ಎನ್ನುತ್ತದೆ. ಪಿಯಾನೊದ ಆವರ್ತನದೊಡನೆ ಬಾಯಿಯಲ್ಲಿ ಹೇಳಿಕೊಂಡರೆ ಎರಡು ನಿಮಿಷದಲ್ಲಿ ಕೈಗೆ ಸಿಗುತ್ತದೆ. ‘ಅನ್‌ಸ್ಕ್ವೇರ್ ಡಾನ್ಸ್’ನ ಏಳು, ಮಿಶ್ರಚಾಪಿನ ‘ತಕಿಟ ತಕಧಿಮಿ’ ಅಲ್ಲ, ‘ತಕ ತಕ ತಕಿಟ’.

‘ಬ್ಲೂ ರಾಂಡೊ ಅಲಾ ಟರ್ಕ್’ ಇವುಗಳಲ್ಲೆಲ್ಲ ಹೆಚ್ಚು ಸ್ವಾರಸ್ಯದ್ದು. ಇಸ್ತಾಂಬುಲ್ಲಿನ ಬೀದಿಯಲ್ಲಿ ನುಡಿಸುತ್ತಿದ್ದವರ ಲಯದಿಂದ ಹುಟ್ಟಿದ ಈ ರಚನೆಯಲ್ಲಿ ಒಂಬತ್ತು ಎಣಿಕೆಯ ಆವರ್ತನ ‘ತಕ ತಕ ತಕ ತಕಿಟ’ ಎಂದು ಮೂರು ಸಲ ಬಂದು, ನಾಲ್ಕನೆಯ ಸಲ ‘ತಕಿಟ ತಕಿಟ ತಕಿಟ’ ಎಂದು ಮಗ್ಗುಲು ಬದಲಿಸುತ್ತದೆ. ಮೊತ್ತ ಒಂಬತ್ತೇ, ಆದರೆ ನೆಲವೇ ಅಲುಗಿದಂತಾಗುತ್ತದೆ. ಮನೋಧರ್ಮದ ಭಾಗ ಬಂದಾಗ ತಂಡ ಸರಾಗವಾದ ನಾಲ್ಕಕ್ಕೆ ಜಾರುತ್ತದೆ. ಆ ಸಂಧಿಯಲ್ಲಿ ಒಂಬತ್ತು ಮತ್ತು ನಾಲ್ಕು ಒಂದನ್ನೊಂದು ಮಾತನಾಡಿಸುವ ಕ್ಷಣಗಳನ್ನು ತಪ್ಪಿಸಿಕೊಳ್ಳಬೇಡಿ.

ಹೊಸದೇನೆಂದರೆ, ಜಾಝ್ ವಾದಕರು ಸ್ವರಮೇಳಗಳ ಸರಪಳಿಯ ಮೇಲೆ ಮನೋಧರ್ಮ ನುಡಿಸುತ್ತಾರೆ. ನಾಲ್ಕರಲ್ಲಿ ವರ್ಷಗಟ್ಟಲೆ ಪಳಗಿದ ಸ್ವರಮೇಳದ ಬದಲಾವಣೆಗಳನ್ನು ಐದರಲ್ಲಿ ಹೊಂದಿಸುವಾಗ ವಾದಕನ ಪ್ರತಿಯೊಂದು ರೂಢಿಯ ಸಂಗತಿಯೂ ಒಂದು ಎಣಿಕೆ ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1980ರ ದಶಕದಲ್ಲಿ ಧ್ವನಿಮುದ್ರಿಸಿದ ‘ಜ್ಯೋತಿ’ಯನ್ನು ಬ್ರೂಬೆಕರ ಪಕ್ಕದಲ್ಲಿಟ್ಟು ಕೇಳಿದರೆ, ಇದೇ ಸೇತುವೆಯನ್ನು ಈಚೆ ದಡದಿಂದ ಕಟ್ಟಿದ ಬಗೆ ತಿಳಿಯುತ್ತದೆ.

‘ಟೈಮ್ ಔಟ್’ ಹೊರತರಲು ಕಂಪನಿ ಹಿಂಜರಿದದ್ದೇಕೆ?

ಮಾರಾಟದ ಲೆಕ್ಕಕ್ಕೆ ಅದರಲ್ಲಿ ಎಲ್ಲವೂ ತಪ್ಪಾಗಿತ್ತು. ಜನರಿಗೆ ಗೊತ್ತಿರುವ ಹಳೆಯ ಹಾಡು ಒಂದೂ ಇರಲಿಲ್ಲ, ಇದ್ದ ಲಯಗಳಿಗೆ ಕುಣಿಯಲಾಗದು, ಹೊದಿಕೆಯ ಮೇಲೆ ಭಾವಚಿತ್ರದ ಬದಲು ನೀಲ್ ಫುಜಿಟಾ ಅವರ ವರ್ಣಚಿತ್ರ. ಆದರೂ ಕೊಲಂಬಿಯಾ ಕಂಪನಿಯ ಅಧ್ಯಕ್ಷ, ಸ್ವತಃ ರಚನಕಾರರಾಗಿದ್ದ ಗಾಡರ್ಡ್ ಲೀಬರ್‌ಸನ್ ಬೆಂಬಲಕ್ಕೆ ನಿಂತರು. ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೊದಲ್ಲಿ 1959ರ ಬೇಸಿಗೆಯಲ್ಲಿ ಮುದ್ರಣಗೊಂಡು ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಅದು ಮುಂದೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ‘ಟೇಕ್ ಫೈವ್’ 1961ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 25ನೇ ಸ್ಥಾನಕ್ಕೇರಿತು.

ಪಿಯಾನೊವನ್ನು ಬಡಿಯುತ್ತಾರೆ, ಸ್ವಿಂಗ್ (ಜಾಝ್ ಲಯದ ತೂಗಾಟ) ಇಲ್ಲ ಎಂದು ವಿಮರ್ಶಕರು ಬರೆದಿದ್ದಾರಲ್ಲ?

ಬರೆದಿದ್ದಾರೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಡೆಸ್ಮಂಡರ ತೇಲುವ ಧಾಟಿಯ ಬೆನ್ನಲ್ಲೇ ಬ್ರೂಬೆಕರ ದಪ್ಪ ಸ್ವರಗುಚ್ಛಗಳು ಬಂದಾಗ ಕಲ್ಲು ಹೊತ್ತಂತೆ ಅನಿಸುವ ಸಂದರ್ಭಗಳಿವೆ. ಹವಾಯಿಯ ಅಪಘಾತದ ನಂತರ ಕೈಗಳಲ್ಲಿ ಉಳಿದ ನರದ ನೋವು ಒಂಟಿ ಸ್ವರಗಳ ವೇಗದ ಓಟಕ್ಕಿಂತ ಇಂಥ ಗುಚ್ಛಗಳತ್ತ ಅವರನ್ನು ತಳ್ಳಿತು ಎಂಬುದನ್ನೂ ನೆನಪಿಡಬೇಕು. ಆದರೆ ಅವರು ಮಾಡುತ್ತಿದ್ದುದು ಬೇರೆಯೇ ಕೆಲಸ. ಒಂದು ಚಿಕ್ಕ ಬೀಜವನ್ನು ಹಿಡಿದು, ಅದನ್ನು ಎರಡು ಕೈಗಳಲ್ಲೂ ದಪ್ಪಗೊಳಿಸುತ್ತಾ, ತಾಳಕ್ಕೆ ಅಡ್ಡವಾಗಿ ಇನ್ನೊಂದು ಲೆಕ್ಕವನ್ನು ಹೂಡಿ, ಕೇಳುವವನು ತಾಳ ಕಳೆದುಕೊಳ್ಳುವ ಅಂಚಿಗೆ ಒಯ್ದು ಮರಳಿ ತರುತ್ತಾರೆ. 1963ರ ಫೆಬ್ರುವರಿಯ ಕಾರ್ನೆಗೀ ಹಾಲ್ ಕಚೇರಿಯನ್ನು ಪೂರ್ತಿ ಕೇಳಿದ ಮೇಲೂ ಇವರಿಗೆ ಲಯದ ಉಲ್ಲಾಸವಿಲ್ಲ ಎನ್ನುವವರೊಡನೆ ನಾನು ಒಪ್ಪಲಾರೆ. ಅದೇ ಕಚೇರಿಯ ‘ಕ್ಯಾಸ್ಟಿಲಿಯನ್ ಡ್ರಮ್ಸ್’ನಲ್ಲಿ ಮೊರೆಲ್ಲೊ ನುಡಿಸುವ ಒಂಟಿ ವಾದನ, ಒಳ್ಳೆಯ ತನಿ ಆವರ್ತನದ ರುಚಿ ಬಲ್ಲವರಿಗೆ ಹಬ್ಬ.

ಅಷ್ಟು ಹೆಸರು ಮಾಡಿದ ತಂಡವನ್ನು ಏಕೆ ಮುರಿದರು? ಆಮೇಲೆ ಏನು ಮಾಡಿದರು?

ಬರೆಯುವುದಕ್ಕೆ ಬಿಡುವು ಬೇಕಾಗಿತ್ತು. 1967ರ ಡಿಸೆಂಬರ್ 26ರಂದು ಪಿಟ್ಸ್‌ಬರ್ಗ್‌ನಲ್ಲಿ ಕೊನೆಯ ಕಚೇರಿ ನಡೆಯಿತು. ಮರುವರ್ಷವೇ ‘ದ ಲೈಟ್ ಇನ್ ದ ವೈಲ್ಡರ್‌ನೆಸ್’ ಎಂಬ, ಗಾಯಕವೃಂದ ಮತ್ತು ವಾದ್ಯವೃಂದಗಳ ದೀರ್ಘ ಧಾರ್ಮಿಕ ಕೃತಿ ಹೊರಬಂತು. ಅಭಿಮಾನಿಗಳಲ್ಲಿ ಹೆಚ್ಚಿನವರು ಇಲ್ಲಿಗೇ ನಿಂತುಬಿಡುವುದು ನನಗೆ ನೋವಿನ ಸಂಗತಿ, ಏಕೆಂದರೆ ಅವರು ಬಾಳಿನುದ್ದಕ್ಕೂ ತಯಾರಿ ನಡೆಸಿದ್ದು ಈ ಕೆಲಸಕ್ಕೇ. 1969ರ ‘ದ ಗೇಟ್ಸ್ ಆಫ್ ಜಸ್ಟಿಸ್’ ಕೃತಿಯಲ್ಲಿ ಯಹೂದಿ ಪ್ರಾರ್ಥನಾ ಗಾಯಕನ ಕಂಠವೂ ಕಪ್ಪು ಗಾಯಕನ ತಗ್ಗು ಕಂಠವೂ ಎದುರುಬದುರು ನಿಲ್ಲುತ್ತವೆ. ಹೀಬ್ರೂ ಧರ್ಮಗ್ರಂಥದ ವಾಕ್ಯಗಳ ಪಕ್ಕದಲ್ಲಿ, ಹಿಂದಿನ ವರ್ಷವಷ್ಟೇ ಹತ್ಯೆಗೀಡಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತುಗಳು ಬರುತ್ತವೆ. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ಮೇಲೆ ‘ಟ್ರುತ್ ಈಸ್ ಫಾಲನ್’ ಬರೆದರು. ಕ್ಯಾಥೊಲಿಕ್ ಪೂಜಾವಿಧಿಗೆಂದು ‘ಟು ಹೋಪ್’ ಎಂಬ ಕೃತಿಯನ್ನು ರಚಿಸಿಕೊಟ್ಟು, ಅದು ಮುಗಿದ ಮೇಲೆ 1980ರಲ್ಲಿ ತಾವೇ ಆ ಪಂಥವನ್ನು ಸೇರಿದರು.

ಪಿಯಾನೊವನ್ನೇನೂ ಬಿಡಲಿಲ್ಲ. ಮಕ್ಕಳಾದ ದಾರಿಯುಸ್, ಕ್ರಿಸ್, ಡ್ಯಾನ್ ಅವರೊಡನೆ 1970ರ ದಶಕದಲ್ಲಿ ಊರೂರು ತಿರುಗಿ ನುಡಿಸಿದರು, 1976ರಲ್ಲಿ ಹಳೆಯ ನಾಲ್ವರೂ ಮತ್ತೆ ಒಟ್ಟಾದರು, 1988ರಲ್ಲಿ ಮಾಸ್ಕೋದಲ್ಲಿ ರೇಗನ್ ಮತ್ತು ಗೋರ್ಬಚೆವ್ ಅವರ ಶೃಂಗಸಭೆಯ ವೇಳೆ ನುಡಿಸಿದರು.

ಅವರ ಮಕ್ಕಳಲ್ಲಿ ಯಾರು ಈ ದಾರಿ ಮುಂದುವರಿಸಿದ್ದಾರೆ?

ಹಿರಿಯ ಮಗ ದಾರಿಯುಸ್ ಪಿಯಾನೊ, ಕ್ರಿಸ್ ಬಾಸ್ ಮತ್ತು ಟ್ರಾಂಬೋನ್, ಡ್ಯಾನ್ ಡ್ರಮ್ಸ್, ಕಿರಿಯ ಮಗ ಮ್ಯಾಥ್ಯೂ ಚೆಲ್ಲೊ. ದಾರಿಯುಸ್ 1983ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ನಗರಕ್ಕೆ ಹೋಗಿ, ವರ್ಣಭೇದ ನೀತಿ ಇನ್ನೂ ಜಾರಿಯಲ್ಲಿದ್ದಾಗಲೇ ಅಲ್ಲಿನ ನಟಾಲ್ ವಿಶ್ವವಿದ್ಯಾಲಯದಲ್ಲಿ ಜಾಝ್ ಪದವಿ ಶಿಕ್ಷಣವನ್ನು ಆರಂಭಿಸಿ, ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳನ್ನು ಒಂದೇ ತಂಡದಲ್ಲಿ ಕೂರಿಸಿ ಪಾಠ ಹೇಳಿದರು. ತಂದೆಯ 89ನೇ ಹುಟ್ಟುಹಬ್ಬವಾದ 2009ರ ಡಿಸೆಂಬರ್ 6ರಂದು ವಾಷಿಂಗ್ಟನ್ನಿನಲ್ಲಿ ಕೆನಡಿ ಸೆಂಟರ್ ಗೌರವ ನೀಡುವ ಸಮಾರಂಭದಲ್ಲಿ ಈ ನಾಲ್ವರೂ, ತಂದೆಗೆ ಮೊದಲೇ ತಿಳಿಸದೆ, ವೇದಿಕೆಗೆ ಬಂದು ಅವರ ಸಂಗೀತವನ್ನೇ ನುಡಿಸಿದರು.